ದಿಲ್ಲಿಯ ತೆರಿಗೆ ಊರ ಪಂಚಾಯಿತಿಗೆ ಬರುವ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಸಭೆಗಳಲ್ಲಿ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಮೇಲಿಂದ ದುಡ್ಡು ಬಂದಿಲ್ಲ’ ಅನ್ನುವುದು ಒಂದು, ‘ಬಂದ ದುಡ್ಡು ಏನಾಯಿತು’ ಅನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಹುಡುಕಬೇಕಾದರೆ ಹಣ ಎಲ್ಲಿಂದ ಹೊರಟು ಎಲ್ಲೆಲ್ಲಿ ನಿಂತು ಬರುತ್ತದೆ ಎಂದು ತಿಳಿದಿರಬೇಕು. ಇಲ್ಲಿರುವ ಅಂಕಿಗಳು ಮುಖ್ಯವಾಗಿ 15ನೇ ಹಣಕಾಸು ಆಯೋಗದ 2021-22ರಿಂದ 2025-26ರವರೆಗಿನ ಅವಧಿಯವು, ಉದಾಹರಣೆಗಳು ಕರ್ನಾಟಕದವು.

ನಾವು ಕಟ್ಟುವ ತೆರಿಗೆಯಲ್ಲಿ ಪಂಚಾಯಿತಿಗೆ ಇಷ್ಟು ಪಾಲು ಅಂತ ಎಲ್ಲಾದರೂ ಬರೆದಿದೆಯೇ?

ಇಲ್ಲ. ಕೇಂದ್ರದ ತೆರಿಗೆಯನ್ನು ರಾಜ್ಯಗಳ ಜೊತೆ ಹಂಚಿಕೊಳ್ಳಬೇಕು ಎಂದು ಸಂವಿಧಾನದ 270ನೇ ವಿಧಿ ಹೇಳುತ್ತದೆ. ಎಷ್ಟು ಎಂಬುದನ್ನು 280ನೇ ವಿಧಿಯಡಿ ಐದು ವರ್ಷಕ್ಕೊಮ್ಮೆ ರಚನೆಯಾಗುವ ಹಣಕಾಸು ಆಯೋಗ ಶಿಫಾರಸು ಮಾಡುತ್ತದೆ. ಆ 280ನೇ ವಿಧಿಯೊಳಗೆ ಪಂಚಾಯಿತಿಯ ಹೆಸರು ಸೇರಿದ್ದೇ 73ನೇ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ಆದರೆ ಹೆಸರು ಸೇರಿದ ರೀತಿಯನ್ನು ಗಮನಿಸಬೇಕು. ಪಂಚಾಯಿತಿಗೆ ತೆರಿಗೆಯಲ್ಲಿ ಪಾಲು ಕೊಡಿ ಎಂದು ಅಲ್ಲಿಲ್ಲ. ಪಂಚಾಯಿತಿಗಳ ಸಂಪನ್ಮೂಲಕ್ಕೆ ಪೂರಕವಾಗಲೆಂದು ರಾಜ್ಯದ ಸಂಚಿತ ನಿಧಿಯನ್ನು ಹೆಚ್ಚಿಸುವ ಕ್ರಮಗಳನ್ನು, ರಾಜ್ಯ ಹಣಕಾಸು ಆಯೋಗದ ಶಿಫಾರಸನ್ನು ಆಧರಿಸಿ, ಕೇಂದ್ರದ ಆಯೋಗ ಸೂಚಿಸಬೇಕು ಎಂದಷ್ಟೇ ಇದೆ.

ಹಾಗಾಗಿ ರಾಜ್ಯಕ್ಕೆ ಬರುವುದು ಪಾಲು, ಪಂಚಾಯಿತಿಗೆ ಬರುವುದು ಅನುದಾನ. ಪಾಲಿನ ಹಣವನ್ನು ಯಾವುದಕ್ಕೆ ಖರ್ಚು ಮಾಡಿದಿರಿ ಎಂದು ರಾಜ್ಯವನ್ನು ದಿಲ್ಲಿ ಕೇಳುವಂತಿಲ್ಲ. ಅನುದಾನದ ಹಣದಲ್ಲಿ ಒಂದು ಪೈಪು ಹಾಕಿದರೂ ಪಂಚಾಯಿತಿ ಲೆಕ್ಕ ಒಪ್ಪಿಸಬೇಕು. ಕೆಳಗಿನ ಬಹುತೇಕ ತೊಡಕುಗಳ ಬೇರು ಈ ವ್ಯತ್ಯಾಸದಲ್ಲಿದೆ.

ರಾಜ್ಯಗಳಿಗೆ ಶೇ 41 ಅಂತಾರಲ್ಲ, ಕರ್ನಾಟಕಕ್ಕೆ ಅದರಲ್ಲಿ ಎಷ್ಟು?

ಎರಡು ಹಂತದ ಗುಣಾಕಾರ ಮಾಡಬೇಕು. ಹಂಚಬೇಕಾದ ಕೇಂದ್ರ ತೆರಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ 41 ರೂಪಾಯಿ ಎಲ್ಲ ರಾಜ್ಯಗಳಿಗೆ ಸೇರಿ. 15ನೇ ಆಯೋಗ ಆ 41ರಲ್ಲಿ ಕರ್ನಾಟಕಕ್ಕೆ ಗೊತ್ತು ಮಾಡಿದ್ದು ಶೇ 3.647. ಅಂದರೆ ನೂರಕ್ಕೆ ಸುಮಾರು ಒಂದೂವರೆ ರೂಪಾಯಿ. ಹಿಂದಿನ 14ನೇ ಆಯೋಗದ ಕಾಲದಲ್ಲಿ ರಾಜ್ಯಗಳ ಪಾಲು ಶೇ 42, ಕರ್ನಾಟಕದ್ದು ಅದರಲ್ಲಿ ಶೇ 4.713. ಆಗ ನೂರಕ್ಕೆ ಹೆಚ್ಚುಕಡಿಮೆ ಎರಡು ರೂಪಾಯಿ ಬರುತ್ತಿತ್ತು. 42 ಇದ್ದದ್ದು 41 ಆದದ್ದಕ್ಕೆ ಜಮ್ಮು ಮತ್ತು ಕಾಶ್ಮೀರ ಕೇಂದ್ರಾಡಳಿತ ಪ್ರದೇಶವಾದದ್ದು ಕಾರಣ. ಕರ್ನಾಟಕಕ್ಕೆ ಪೆಟ್ಟು ಬಿದ್ದದ್ದು ಅಲ್ಲಿಂದಲ್ಲ, 4.713ರಿಂದ 3.647ಕ್ಕೆ ಇಳಿದದ್ದರಿಂದ.

ಆ ಪಾಲು ಯಾಕೆ ಇಳಿಯಿತು?

15ನೇ ಆಯೋಗದ ಸೂತ್ರದಲ್ಲಿ ಶೇ 45ರಷ್ಟು ತೂಕ ‘ಆದಾಯದ ಅಂತರ’ಕ್ಕೆ. ತಲಾ ಆದಾಯ ಹೆಚ್ಚಿರುವ ರಾಜ್ಯಗಳಿಗೆ ಹೋಲಿಸಿದರೆ ನಿಮ್ಮ ರಾಜ್ಯ ಎಷ್ಟು ಹಿಂದಿದೆಯೋ ಅಷ್ಟು ಹೆಚ್ಚು ಪಾಲು. ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಅರಣ್ಯ ಮತ್ತು ಪರಿಸರಕ್ಕೆ 10, ಜನಸಂಖ್ಯೆ ನಿಯಂತ್ರಣದ ಸಾಧನೆಗೆ 12.5, ತೆರಿಗೆ ವಸೂಲಿಯ ಪ್ರಯತ್ನಕ್ಕೆ 2.5. ಬೆಂಗಳೂರಿನ ದುಡಿಮೆ ಸೇರಿಸಿ ಲೆಕ್ಕ ಹಾಕಿದರೆ ಕರ್ನಾಟಕದ ತಲಾ ಆದಾಯ ಎತ್ತರದಲ್ಲಿ ಕಾಣುತ್ತದೆ. ಕಲಬುರಗಿ, ಯಾದಗಿರಿಗಳ ಬಡತನ ಆ ಸರಾಸರಿಯೊಳಗೆ ಮುಳುಗಿಹೋಗುತ್ತದೆ. ಜೊತೆಗೆ ಹಿಂದಿನ ಆಯೋಗ 1971ರ ಜನಗಣತಿಗೆ ಶೇ 17.5, 2011ರದಕ್ಕೆ ಶೇ 10ರಷ್ಟು ತೂಕ ಕೊಟ್ಟಿತ್ತು. 15ನೆಯದು 1971ನ್ನು ಕೈಬಿಟ್ಟು 2011ನ್ನು ಮಾತ್ರ ಇಟ್ಟುಕೊಂಡಿತು. ಜನಸಂಖ್ಯೆ ಹತೋಟಿಗೆ ತಂದ ದಕ್ಷಿಣದ ರಾಜ್ಯಗಳಿಗೆ ಆ 12.5ರ ತೂಕ ಸ್ವಲ್ಪ ಸಮಾಧಾನ, ಪೂರ್ತಿ ಅಲ್ಲ. ಕೇರಳದ್ದು ಶೇ 2.5ರಿಂದ 1.925ಕ್ಕೆ ಇಳಿಯಿತು.

ಸೆಸ್ ಮತ್ತು ಸರ್ಚಾರ್ಜ್ ಬಗ್ಗೆ ಇಷ್ಟು ಗಲಾಟೆ ಯಾಕೆ?

ಒಂದು ಉದ್ದೇಶದ ಹೆಸರಿನಲ್ಲಿ ಹಾಕುವ ಸೆಸ್, ತೆರಿಗೆಯ ಮೇಲೆ ಹಾಕುವ ಹೆಚ್ಚುವರಿ ತೆರಿಗೆಯಾದ ಸರ್ಚಾರ್ಜ್, ಎರಡೂ ಹಂಚಿಕೆಯ ಲೆಕ್ಕಕ್ಕೇ ಬರುವುದಿಲ್ಲ ಅನ್ನುವುದಕ್ಕೆ. ಪೆಟ್ರೋಲಿನ ಉದಾಹರಣೆ ಎಲ್ಲಕ್ಕಿಂತ ಸ್ಪಷ್ಟ. 2022ರ ಮೇ ತಿಂಗಳ ಕಡಿತದ ನಂತರ ಒಂದು ಲೀಟರ್ ಪೆಟ್ರೋಲಿನ ಮೇಲೆ ಕೇಂದ್ರ ಹಾಕುತ್ತಿದ್ದ ಸುಂಕ 19 ರೂಪಾಯಿ 90 ಪೈಸೆ. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕ ಕೇವಲ 1 ರೂಪಾಯಿ 40 ಪೈಸೆ. ಮಿಕ್ಕ 18 ರೂಪಾಯಿ 50 ಪೈಸೆ ವಿಶೇಷ ಹೆಚ್ಚುವರಿ ಸುಂಕ, ರಸ್ತೆ ಸೆಸ್, ಕೃಷಿ ಸೆಸ್ ಎಂಬ ಹೆಸರುಗಳಲ್ಲಿ ದಿಲ್ಲಿಯಲ್ಲೇ ಉಳಿಯುತ್ತಿತ್ತು. ಈ ಬಗೆಯ ತೆರಿಗೆಗಳು ಬೆಳೆದಷ್ಟೂ ಹಂಚಬೇಕಾದ ಗಂಟು ಸಣ್ಣದಾಗುತ್ತದೆ. ಕಾಗದದಲ್ಲಿ 41 ಇದ್ದರೂ, ಕೇಂದ್ರದ ಒಟ್ಟು ತೆರಿಗೆಗೆ ಹೋಲಿಸಿದಾಗ ರಾಜ್ಯಗಳಿಗೆ ತಲುಪುವುದು ಮೂರನೇ ಒಂದರ ಆಸುಪಾಸು.

ಪಂಚಾಯಿತಿಗೆ ಬರುವ ಹಣ ಈ 41ರ ಒಳಗಿನದೋ, ಹೊರಗಿನದೋ?

ಹೊರಗಿನದು. ಕೇಂದ್ರ ತನ್ನ ಬಳಿ ಉಳಿದ ಹಣದಿಂದ ಅನುದಾನವಾಗಿ ಕೊಡುತ್ತದೆ. ಶೇಕಡಾವಾರು ಅಲ್ಲ, ನಿಗದಿತ ಮೊತ್ತ. 2021-26ರ ಐದು ವರ್ಷಕ್ಕೆ ಸ್ಥಳೀಯ ಸಂಸ್ಥೆಗಳಿಗೆಂದು 15ನೇ ಆಯೋಗ ಸೂಚಿಸಿದ್ದು 4,36,361 ಕೋಟಿ ರೂಪಾಯಿ. ಅದರಲ್ಲಿ ಗ್ರಾಮೀಣ ಸಂಸ್ಥೆಗಳಿಗೆ 2,36,805 ಕೋಟಿ, ನಗರ ಸಂಸ್ಥೆಗಳಿಗೆ 1,21,055 ಕೋಟಿ, ಪ್ರಾಥಮಿಕ ಆರೋಗ್ಯ ವ್ಯವಸ್ಥೆಗೆಂದೇ 70,051 ಕೋಟಿ. ಹೊಸ ನಗರಗಳಿಗೆ 8,000 ಕೋಟಿ, ಊರುಗಳು ಸೇರಿ ನಡೆಸುವ ನಗರ ಸೇವೆಗಳಿಗೆ 450 ಕೋಟಿ. ಇದು ಇಡೀ ದೇಶಕ್ಕೆ ಐದು ವರ್ಷದ ಲೆಕ್ಕ. ಕರ್ನಾಟಕವೊಂದರಲ್ಲೇ ಸುಮಾರು 5,950 ಗ್ರಾಮ ಪಂಚಾಯಿತಿಗಳಿವೆ ಎಂಬುದನ್ನು ನೆನಪಿಟ್ಟುಕೊಂಡರೆ ಈ ಲಕ್ಷ ಕೋಟಿಗಳು ಊರಿಗೆ ಬರುವಷ್ಟರಲ್ಲಿ ಯಾಕೆ ಕೆಲವೇ ಲಕ್ಷಗಳಾಗುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಉದ್ಯೋಗ ಖಾತರಿ ಹಣವೂ ಇದೇ ಏನು?

ಅಲ್ಲ. ಅದು ಯೋಜನೆಯ ಹಣ, ಅದರ ಕಾಯ್ದೆ ಬೇರೆ, ಖಾತೆ ಬೇರೆ. ಊರಲ್ಲಿ ‘15ನೇ ಹಣಕಾಸು’ ಎಂದು ಕರೆಯುವುದು ಹಣಕಾಸು ಆಯೋಗದ ಅನುದಾನವನ್ನು ಮಾತ್ರ.

ಟೈಡ್, ಅನ್‌ಟೈಡ್ ಎಂದರೇನು? ನಮ್ಮ ಪಂಚಾಯಿತಿಗೆ 20 ಲಕ್ಷ ಬಂದರೆ ಹೇಗೆ ಹಂಚಬೇಕು?

ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಕಟ್ಟುಪಾಡು ಇರುವುದು ನಿರ್ಬಂಧಿತ (ಟೈಡ್) ಅನುದಾನ, ಇಲ್ಲದ್ದು ಅನಿರ್ಬಂಧಿತ (ಅನ್‌ಟೈಡ್). 15ನೇ ಆಯೋಗದ ಲೆಕ್ಕದಲ್ಲಿ ಮೊದಲನೆಯದು ಶೇ 60, ಎರಡನೆಯದು ಶೇ 40. ನಿರ್ಬಂಧಿತದಲ್ಲಿ ಮತ್ತೆ ಎರಡು ಸಮ ಭಾಗ. ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆ ಒಂದಕ್ಕೆ. ನೈರ್ಮಲ್ಯ ಮತ್ತು ಬಯಲು ಬಹಿರ್ದೆಸೆ ಮುಕ್ತ ಸ್ಥಿತಿಯನ್ನು ಉಳಿಸಿಕೊಳ್ಳುವುದು ಇನ್ನೊಂದಕ್ಕೆ. ವರ್ಷಕ್ಕೆ 20 ಲಕ್ಷ ಎಂದಾದರೆ ನೀರಿಗೆ 6 ಲಕ್ಷ, ನೈರ್ಮಲ್ಯಕ್ಕೆ 6 ಲಕ್ಷ, ಪಂಚಾಯಿತಿ ತನ್ನ ಅಗತ್ಯ ನೋಡಿ ಖರ್ಚು ಮಾಡಬಹುದಾದದ್ದು 8 ಲಕ್ಷ. ಆ 8 ಲಕ್ಷವೂ ಪಂಚಾಯಿತಿಗಳ ಕೆಲಸಗಳೆಂದು ಸಂವಿಧಾನದ ಹನ್ನೊಂದನೇ ಅನುಸೂಚಿ ಪಟ್ಟಿ ಮಾಡಿದ 29 ವಿಷಯಗಳ ಒಳಗೇ ಇರಬೇಕು. ಅದರಿಂದ ಸಂಬಳ ಕೊಡುವಂತಿಲ್ಲ, ಕಚೇರಿ ನಡೆಸುವ ಆಡಳಿತ ವೆಚ್ಚವನ್ನೂ ಹಾಕುವಂತಿಲ್ಲ. ನೀರುಗಂಟಿ, ಕರ ವಸೂಲಿಗಾರ, ಡೇಟಾ ಎಂಟ್ರಿ ಆಪರೇಟರ್ ಇವರ ವೇತನವನ್ನು ಈ ಖಾತೆಯಿಂದ ತೋರಿಸಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ, ವಸೂಲಿಗೂ ಬರೆಯಬಹುದು.

ಇಲ್ಲಿ ಎಡವುವ ಜಾಗ ಒಂದಿದೆ. ಬೀದಿ ದೀಪ, ಸಿಸಿ ರಸ್ತೆ, ಬಸ್ ತಂಗುದಾಣಗಳಿಗೆ ಬೇಡಿಕೆ ಜಾಸ್ತಿ, ಸದಸ್ಯರಿಗೆ ಆಸಕ್ತಿಯೂ ಜಾಸ್ತಿ. ಹಾಗಾಗಿ ಅನಿರ್ಬಂಧಿತ 8 ಲಕ್ಷ ವರ್ಷದ ಮೊದಲಲ್ಲೇ ಮುಗಿದುಹೋಗುತ್ತದೆ, ನೈರ್ಮಲ್ಯದ 6 ಲಕ್ಷ ಹಾಗೇ ಬಿದ್ದಿರುತ್ತದೆ. ಆಗ ‘ಚರಂಡಿ ಕಾಮಗಾರಿ’ ಎಂದು ಬರೆದು ಚರಂಡಿಯ ಪಕ್ಕ ರಸ್ತೆ ಮಾಡುವ ಯೋಚನೆ ಹುಟ್ಟುತ್ತದೆ. ಅದನ್ನು ಮಾಡಬೇಡಿ. ಕಾಮಗಾರಿಯ ಹೆಸರು, ಅಂದಾಜು ಪಟ್ಟಿ, ಅಳತೆ ಪುಸ್ತಕ ಮೂರೂ ಒಂದನ್ನೊಂದು ಹೋಲದಿದ್ದರೆ ಮೊದಲು ಸಿಕ್ಕಿಬೀಳುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಆಮೇಲೆ ಅಧ್ಯಕ್ಷರು.

ನಮ್ಮಲ್ಲಿ ನೀರಿನ ಕೆಲಸ ಎಲ್ಲ ಮುಗಿದಿದೆ, ಆ ಹಣವನ್ನು ನೈರ್ಮಲ್ಯಕ್ಕೆ ಬಳಸಬಹುದೇ?

ಬಳಸಬಹುದು, ಹೇಗೆಂದರೆ ಹಾಗಲ್ಲ. ನಿರ್ಬಂಧಿತದ ಒಂದು ಭಾಗದ ಅಗತ್ಯ ಪೂರ್ತಿ ತೀರಿದೆ ಎಂದಾದರೆ ಇನ್ನೊಂದು ಭಾಗಕ್ಕೆ ಬಳಸಲು ಅವಕಾಶ ಇದೆ. ಅಗತ್ಯ ತೀರಿದೆ ಎಂದು ಗ್ರಾಮ ಸಭೆ ದೃಢಪಡಿಸಬೇಕು, ಮೇಲಧಿಕಾರಿಯೂ ಒಪ್ಪಬೇಕು. ಆದರೆ ಅದು ನೀರಿನಿಂದ ನೈರ್ಮಲ್ಯಕ್ಕೆ ಅಥವಾ ನೈರ್ಮಲ್ಯದಿಂದ ನೀರಿಗೆ ಮಾತ್ರ. ನಿರ್ಬಂಧಿತದಿಂದ ರಸ್ತೆಗೆ ದಾರಿ ಇಲ್ಲ.

ಪಕ್ಕದ ಪಂಚಾಯಿತಿಗೆ ನಮಗಿಂತ ಜಾಸ್ತಿ ಬಂತು. ಯಾರ ಪ್ರಭಾವ?

ಸಾಮಾನ್ಯವಾಗಿ ಯಾರದ್ದೂ ಅಲ್ಲ. ಹಂಚಿಕೆ ಜನಸಂಖ್ಯೆ ಮತ್ತು ವಿಸ್ತೀರ್ಣದ ಮೇಲೆ. ರಾಜ್ಯ ಹಣಕಾಸು ಆಯೋಗದ ಒಪ್ಪಿತ ಸೂತ್ರ ಇಲ್ಲದಿದ್ದರೆ ಜನಸಂಖ್ಯೆಗೆ 90, ವಿಸ್ತೀರ್ಣಕ್ಕೆ 10. ಕೊರಗು ಇರಬೇಕಾದ್ದು ಬೇರೆ ಕಡೆ: ಆ ಜನಸಂಖ್ಯೆ 2011ರ ಜನಗಣತಿಯದು. ಬೆಂಗಳೂರಿನ ಸುತ್ತಲಿನ ಪಂಚಾಯಿತಿಗಳಲ್ಲಿ ಅಲ್ಲಿಂದೀಚೆಗೆ ಲೇಔಟ್ ಮೇಲೆ ಲೇಔಟ್ ಎದ್ದಿವೆ, ಕಸ ಮತ್ತು ಕೊಳಚೆ ನೀರು ದುಪ್ಪಟ್ಟಾಗಿವೆ, ಅನುದಾನ ಮಾತ್ರ 2011ರ ತಲೆಗಳನ್ನೇ ಎಣಿಸುತ್ತಿದೆ.

ದಿಲ್ಲಿಯಿಂದ ಹೊರಟ ಹಣ ಪಂಚಾಯಿತಿ ಖಾತೆಗೆ ಬರಲು ಎಷ್ಟು ದಿನ?

ಪಂಚಾಯತ್ ರಾಜ್ ಸಚಿವಾಲಯ ಶಿಫಾರಸು ಮಾಡುತ್ತದೆ, ಹಣಕಾಸು ಸಚಿವಾಲಯದ ವೆಚ್ಚ ಇಲಾಖೆ ಬಿಡುಗಡೆ ಮಾಡುತ್ತದೆ, ರಾಜ್ಯದ ಖಜಾನೆಗೆ ಬರುತ್ತದೆ. ಬಂದ ಮೇಲೆ 10 ಕೆಲಸದ ದಿನಗಳೊಳಗೆ ರಾಜ್ಯ ಅದನ್ನು ಪಂಚಾಯಿತಿಗಳಿಗೆ ಕಳಿಸಬೇಕು. ತಡವಾದರೆ ತಡವಾದಷ್ಟು ದಿನಕ್ಕೆ ಬಡ್ಡಿ ಸೇರಿಸಿ ಕೊಡಬೇಕು. ಆ ಬಡ್ಡಿಯ ದರ ಹಿಂದಿನ ವರ್ಷ ರಾಜ್ಯ ಮಾರುಕಟ್ಟೆಯಲ್ಲಿ ಸಾಲ ಎತ್ತಿದ ದರ. ವರ್ಷಕ್ಕೆ ಎರಡು ಕಂತು. ಕಂತು ಬಂದಾಗ ಆದೇಶದಲ್ಲಿ ಎರಡು ದಿನಾಂಕ ನೋಡಿ: ಕೇಂದ್ರ ಬಿಡುಗಡೆ ಮಾಡಿದ್ದು, ರಾಜ್ಯ ಬಿಡುಗಡೆ ಮಾಡಿದ್ದು. ಹೊಣೆ ಯಾರದ್ದು ಎಂದು ಆ ಎರಡರ ನಡುವಿನ ಅಂತರವೇ ಹೇಳುತ್ತದೆ.

ಎಲ್ಲ ಹಣವೂ ಗ್ರಾಮ ಪಂಚಾಯಿತಿಗೇ ಬರುತ್ತದೆಯೇ?

ಮೂರು ಹಂತಕ್ಕೂ ಪಾಲಿದೆ. 15ನೇ ಆಯೋಗ ಗ್ರಾಮ ಪಂಚಾಯಿತಿಗೆ ಶೇ 70ರಿಂದ 85, ಮಧ್ಯದ ಹಂತಕ್ಕೆ 10ರಿಂದ 25, ಜಿಲ್ಲಾ ಹಂತಕ್ಕೆ 5ರಿಂದ 15 ಎಂದು ಮಿತಿ ಹಾಕಿತ್ತು. ಕರ್ನಾಟಕ 85, 10, 5 ಎಂದು ಹಂಚಿತು. ಊರಿನ ಮಟ್ಟಕ್ಕೆ ಇದಕ್ಕಿಂತ ಒಳ್ಳೆಯ ಅನುಪಾತ ಆ ಮಿತಿಯೊಳಗೆ ಸಾಧ್ಯವಿರಲಿಲ್ಲ.

ಆದರೆ ಈ ಅನುದಾನ ಚುನಾಯಿತ ಸಂಸ್ಥೆಗಳಿಗೆ ಮಾತ್ರ. ಕರ್ನಾಟಕದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳೇ ಉರುಳಿದವು. ಆಡಳಿತಾಧಿಕಾರಿಗಳು ಕೂತರು. ಆ ಎರಡು ಹಂತಗಳ 10 ಮತ್ತು 5ರ ಪಾಲಿಗೆ ಕಲ್ಲು ಬಿದ್ದದ್ದು ಹೀಗೆ. ಚುನಾವಣೆ ತಪ್ಪಿಸಿದವರಿಗೆ ಇದರಿಂದ ಏನೂ ನಷ್ಟವಿಲ್ಲ. ನಷ್ಟ ಆದದ್ದು ಎರಡು ಮೂರು ಪಂಚಾಯಿತಿಗಳನ್ನು ದಾಟಿ ಹೋಗುವ ರಸ್ತೆ, ನೀರಿನ ಕೊಳವೆಯಂಥ ಕೆಲಸಗಳಿಗೆ. ಒಂದೊಂದು ಗ್ರಾಮ ಪಂಚಾಯಿತಿ ಅವನ್ನು ಕೈಗೆತ್ತಿಕೊಳ್ಳಲಾರದು.

ನಮ್ಮ ಪಂಚಾಯಿತಿಯ ಕಂತು ಮಾತ್ರ ಬಂದಿಲ್ಲ. ಎಲ್ಲಿ ಹುಡುಕಬೇಕು?

ಮೊದಲು ಪಕ್ಕದ ಪಂಚಾಯಿತಿಗೆ ಬಂದಿದೆಯೇ ಕೇಳಿ. ತಾಲ್ಲೂಕಿಗೇ ಬಂದಿಲ್ಲವೆಂದರೆ ತೊಡಕು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಇದೆ, ಪಿಡಿಒ ಮೇಲೆ ರೇಗಿ ಪ್ರಯೋಜನವಿಲ್ಲ. ನಿಮ್ಮದೊಂದೇ ನಿಂತಿದ್ದರೆ ಕಾರಣ ಬಹುಮಟ್ಟಿಗೆ ಕಾಗದದ್ದು. 2023-24ರಿಂದ ನಿಯಮ ಬಿಗಿಯಾಗಿದೆ. ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕ ಮತ್ತು ಅದರ ಹಿಂದಿನ ವರ್ಷದ ಆಡಿಟ್ ಆದ ಲೆಕ್ಕ ಎರಡೂ ಆನ್‌ಲೈನ್‌ನಲ್ಲಿ ಇದ್ದ ಪಂಚಾಯಿತಿಗೆ ಮಾತ್ರ ಹಣ. 2024-25ರ ಹಣ ಬೇಕಾದರೆ 2023-24ರ ತಾತ್ಕಾಲಿಕ ಲೆಕ್ಕ, 2022-23ರ ಆಡಿಟ್ ಲೆಕ್ಕ. ಮೊದಲ ಎರಡು ವರ್ಷ ರಾಜ್ಯದ ಶೇ 25ರಷ್ಟು ಸಂಸ್ಥೆಗಳು ಹಾಕಿದ್ದರೂ ಸಾಕಿತ್ತು, ಹಾಗಾಗಿ ಕೆಲವು ಪಂಚಾಯಿತಿಗಳಿಗೆ ಉದಾಸೀನದ ಅಭ್ಯಾಸ ಅಂಟಿಕೊಂಡಿತ್ತು.

ಪಂಚಾಯಿತಿಗಳ ಯೋಜನೆ, ಲೆಕ್ಕ ದಾಖಲಿಸುವ ಜಾಲತಾಣವಾದ ಇಗ್ರಾಮ್‌ಸ್ವರಾಜ್‌ನಲ್ಲಿ ತಿಂಗಳ ಪುಸ್ತಕ ಮುಚ್ಚದೆ ಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಒಂದು ತಿಂಗಳು ಮುಚ್ಚದಿದ್ದರೆ ಮುಂದಿನ ತಿಂಗಳು ಮುಚ್ಚಲಾಗದು, ವರ್ಷ ಮುಚ್ಚಲಾಗದು, ಲೆಕ್ಕ ಆಡಿಟ್‌ಗೆ ಹೋಗದು. ಹಾಗೇ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಅಪ್‌ಲೋಡ್ ಆಗಿಲ್ಲದಿದ್ದರೆ, ಅಥವಾ ಅಪ್‌ಲೋಡ್ ಆದ ಯೋಜನೆಯಲ್ಲಿ ಆ ಕಾಮಗಾರಿಯೇ ಇಲ್ಲದಿದ್ದರೆ, ಹಣ ಖಾತೆಯಲ್ಲಿದ್ದರೂ ಪಾವತಿಗೆ ಕೈ ಹಾಕಲಾಗುವುದಿಲ್ಲ.

ಹಣ ಬಂದಿದೆ, ಆದರೆ ಗುತ್ತಿಗೆದಾರನಿಗೆ ಪಾವತಿಯಾಗುತ್ತಿಲ್ಲ. ಯಾಕೆ?

ಹತ್ತರಲ್ಲಿ ಹೆಚ್ಚು ಸಲ ಕಾರಣ ಡಾಂಗಲ್, ಅಂದರೆ ಡಿಜಿಟಲ್ ಸಹಿ ಇರುವ, ಕಂಪ್ಯೂಟರಿಗೆ ಚುಚ್ಚುವ ಸಣ್ಣ ಸಾಧನ. ಈ ಖಾತೆಯಿಂದ ಚೆಕ್ ಬರೆಯುವಂತಿಲ್ಲ. ಇಗ್ರಾಮ್‌ಸ್ವರಾಜ್ ಮತ್ತು ಪಿಎಫ್‌ಎಂಎಸ್ (ಸರ್ಕಾರಿ ಹಣ ಪಾವತಿಯ ಕೇಂದ್ರದ ಜಾಲ) ಜೋಡಿಸಿದ ವ್ಯವಸ್ಥೆಯಲ್ಲಿ ಪಿಡಿಒ ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿಯೂ ಬೀಳಬೇಕು. ಕರ್ನಾಟಕದಲ್ಲಿ ಅಧ್ಯಕ್ಷರ ಅವಧಿ 30 ತಿಂಗಳು. ಅಧ್ಯಕ್ಷರು ಬದಲಾದಾಗ, ಅವಿಶ್ವಾಸದಲ್ಲಿ ಇಳಿದಾಗ, ಪಿಡಿಒ ವರ್ಗವಾದಾಗ, ಪ್ರತಿ ಸಲವೂ ಹೊಸಬರ ಸಹಿ ಮಾಡಿಸಿ ನೋಂದಾಯಿಸಿ ಒಪ್ಪಿಗೆ ಪಡೆಯಬೇಕು. ಆಧಾರ್‌ನಲ್ಲಿರುವ ಹೆಸರಿನ ಇಂಗ್ಲಿಷ್ ಕಾಗುಣಿತಕ್ಕೂ ಸಹಿಯಲ್ಲಿರುವುದಕ್ಕೂ ಒಂದಕ್ಷರ ವ್ಯತ್ಯಾಸವಿದ್ದರೆ ಮತ್ತೆ ಮೊದಲಿಂದ. ಸಹಿಯ ಅವಧಿ ಮುಗಿಯುವ ತಿಂಗಳನ್ನು ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಅತಿ ಸಣ್ಣ ಉಪಾಯ, ಅತಿ ಹೆಚ್ಚು ತಲೆನೋವು ಉಳಿಸುವುದೂ ಅದೇ.

ಡಾಂಗಲನ್ನು ಅಧ್ಯಕ್ಷರ ಪರವಾಗಿ ಇನ್ನೊಬ್ಬರು ಇಟ್ಟುಕೊಳ್ಳುವ ರೂಢಿ ಕೆಲವೆಡೆ ಇದೆ. ಪಾಸ್‌ವರ್ಡ್ ಸಮೇತ ಡಾಂಗಲ್ ಕೊಡುವುದೆಂದರೆ ಸಹಿ ಹಾಕಿದ ಖಾಲಿ ಚೆಕ್ ಪುಸ್ತಕ ಕೊಟ್ಟಂತೆ. ನಾಳೆ ತನಿಖೆಯಾದರೆ ಹೆಸರು ಬರುವುದು ಅಧ್ಯಕ್ಷರದ್ದೇ.

3 ಲಕ್ಷದ ಕಾಮಗಾರಿ, ಕೈಗೆ ಬಂದದ್ದು ಕಡಿಮೆ. ಪಂಚಾಯಿತಿಯಲ್ಲಿ ಹಿಡಿದುಕೊಂಡರೇ?

ಬಿಲ್ಲಿನ ಕಡಿತದ ಸಾಲುಗಳನ್ನು ಓದಿ. ಜಿಎಸ್‌ಟಿ ಬಿಟ್ಟು ಕಾಮಗಾರಿಯ ಮೊತ್ತ 3 ಲಕ್ಷ, ಗುತ್ತಿಗೆದಾರರು ಒಬ್ಬ ವ್ಯಕ್ತಿ ಎಂದಿಟ್ಟುಕೊಂಡರೆ: ಗುತ್ತಿಗೆ ಎರಡೂವರೆ ಲಕ್ಷ ಮೀರಿದ್ದರಿಂದ ಜಿಎಸ್‌ಟಿಯ ಮೂಲದಲ್ಲೇ ಕಡಿತ ಶೇ 2, ಅಂದರೆ 6,000 ರೂಪಾಯಿ, ಆದಾಯ ತೆರಿಗೆ ಶೇ 1, 3,000, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್ ಶೇ 1, 3,000. ಒಟ್ಟು 12,000. ಗುತ್ತಿಗೆದಾರರು ಸಂಸ್ಥೆಯಾಗಿದ್ದರೆ ಆದಾಯ ತೆರಿಗೆ ಶೇ 2. ಮರಳು, ಜಲ್ಲಿಗೆ ರಾಜಧನ ಕಟ್ಟಿದ ರಶೀದಿ ತೋರಿಸದಿದ್ದರೆ ಅದೂ ಕಡಿತವಾಗುತ್ತದೆ. ಮೊದಲ ಎರಡು ಕಡಿತ ಕಳೆದುಹೋದ ಹಣವಲ್ಲ. ರಿಟರ್ನ್ಸ್ ಸಲ್ಲಿಸಿದರೆ ಗುತ್ತಿಗೆದಾರರ ಲೆಕ್ಕಕ್ಕೆ ಜಮೆಯಾಗುತ್ತದೆ. ಈ ಸಾಲುಗಳಲ್ಲಿ ಇಲ್ಲದ ಯಾವ ಶೇಕಡಾವಾರಿಗೂ ಕಾನೂನಿನ ಹೆಸರಿಲ್ಲ.

ನಾನು ಸದಸ್ಯನಲ್ಲ, ಸಾಮಾನ್ಯ ಮತದಾರ. ನಮ್ಮೂರಿನ ಲೆಕ್ಕ ನೋಡಬಹುದೇ?

ಯಾರ ಅನುಮತಿಯೂ ಬೇಡ. ಇಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ವರ್ಷ, ರಾಜ್ಯ, ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯಿತಿ ಆರಿಸಿದರೆ ಅನುಮೋದಿತ ಯೋಜನೆ ಮತ್ತು ಖರ್ಚು ಎರಡೂ ಸಿಗುತ್ತವೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಯೋಜನೆಯಲ್ಲಿ ಇಲ್ಲದ ಕಾಮಗಾರಿಗೆ ಖರ್ಚು ಬಿದ್ದಿದೆಯೇ, ಒಂದೇ ಕೊಳವೆಬಾವಿಯ ಮೋಟಾರಿನ ದುರಸ್ತಿ ವರ್ಷದಲ್ಲಿ ಎಷ್ಟು ಸಲ ಬಂದಿದೆ, ಒಂದೇ ಸರಬರಾಜುದಾರರಿಗೆ ಸಣ್ಣ ಸಣ್ಣ ತುಂಡುಗಳಾಗಿ ಪಾವತಿಯಾಗಿದೆಯೇ ಎಂದು ಹುಡುಕಿ. ಆಡಿಟ್ಆನ್‌ಲೈನ್‌ನಲ್ಲಿ ಲೆಕ್ಕ ಪರಿಶೋಧನೆಯ ವರದಿ ಇರುತ್ತದೆ.

ಪರದೆಯ ಮೇಲೆ ಕಾಣುವುದು ಮೊತ್ತ ಮಾತ್ರ, ಕೆಲಸವಲ್ಲ. ಅದಕ್ಕೆ ಜಮಾಬಂದಿ ಇದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯುತ್ತದೆ. ಹಿಂದಿನ ವರ್ಷದ ಲೆಕ್ಕಪತ್ರಗಳನ್ನು ಮುಂದಿಟ್ಟುಕೊಂಡು, ಕಾಮಗಾರಿಯ ಸ್ಥಳಕ್ಕೇ ಹೋಗಿ ನೋಡುವ ಅವಕಾಶ. ಬಹಳ ಊರುಗಳಲ್ಲಿ ಹತ್ತು ಜನ ಬಂದು ಕಾಫಿ ಕುಡಿದು ಸಹಿ ಹಾಕಿ ಹೋಗುವ ಶಾಸ್ತ್ರವಾಗಿದೆ. ಅಳತೆ ಪುಸ್ತಕ ತೆಗೆಸಿ, ‘80 ಮೀಟರ್ ಚರಂಡಿ’ ಎಂದಿದ್ದರೆ ಟೇಪು ಹಿಡಿದು ಅಳೆಯಿರಿ. ಆಮೇಲೆ ನಡೆಯುವ ಚರ್ಚೆಯೇ ಬೇರೆ.

ರಾಜ್ಯ ಸರ್ಕಾರ ತನ್ನ ತೆರಿಗೆಯಲ್ಲಿ ಪಂಚಾಯಿತಿಗೆ ಏನು ಕೊಡಬೇಕು?

ಇಡೀ ಸರಪಳಿಯಲ್ಲಿ ಅತ್ಯಂತ ದುರ್ಬಲ ಕೊಂಡಿ ಇದು; ದಿಲ್ಲಿಯನ್ನು ಬೈಯುವ ಭರದಲ್ಲಿ ನಾವು ಮರೆಯುವುದೂ ಇದನ್ನೇ. 243-ಐ ವಿಧಿಯ ಪ್ರಕಾರ ರಾಜ್ಯಪಾಲರು ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚಿಸಬೇಕು, ಅದರ ಶಿಫಾರಸಿನ ಮೇಲೆ ಏನು ಮಾಡಿದೆವು ಎಂಬ ವಿವರಣೆಯನ್ನು ಸದನದಲ್ಲಿ ಮಂಡಿಸಬೇಕು. ಕರ್ನಾಟಕದ ಮೂರನೇ ಆಯೋಗದ ಅಧ್ಯಕ್ಷರು ಎ.ಜಿ. ಕೊಡ್ಗಿ, ನಾಲ್ಕನೆಯದಕ್ಕೆ ಸಿ.ಜಿ. ಚಿನ್ನಸ್ವಾಮಿ, ಐದನೆಯದಕ್ಕೆ ಸಿ. ನಾರಾಯಣಸ್ವಾಮಿ. 1993ರಿಂದ ಎಣಿಸಿ, ಐದು ವರ್ಷಕ್ಕೊಂದರಂತೆ ಎಷ್ಟಾಗಬೇಕಿತ್ತು ಎಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಕೊಡ್ಗಿ ಆಯೋಗ ರಾಜ್ಯದ ಸಾಲವಲ್ಲದ ನಿವ್ವಳ ಸ್ವಂತ ರಾಜಸ್ವದಲ್ಲಿ ಶೇ 33ನ್ನು ಗ್ರಾಮ ಮತ್ತು ನಗರ ಸಂಸ್ಥೆಗಳಿಗೆ ಸೇರಿ ಕೊಡಿ ಎಂದಿತು. ಚಿನ್ನಸ್ವಾಮಿ ಆಯೋಗ ಅದನ್ನು ಶೇ 48ಕ್ಕೆ ಏರಿಸಿ ಹೇಳಿತು. ಇಷ್ಟು ದೊಡ್ಡ ಅಂಕಿ ಕೇಳಿದರೆ ಪಂಚಾಯಿತಿಗಳು ಹಣದಲ್ಲಿ ತೇಲಬೇಕು. ತೇಲುತ್ತಿಲ್ಲ, ಯಾಕೆಂದರೆ ಈ ಲೆಕ್ಕದೊಳಗೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಹೆಸರಿನಲ್ಲಿ ಬರೆದ ಶಿಕ್ಷಕರ, ಆರೋಗ್ಯ ಸಿಬ್ಬಂದಿಯ, ಇತರ ಇಲಾಖೆಗಳ ನೌಕರರ ಸಂಬಳವೂ ಸೇರಿದೆ. ಬಜೆಟ್ ಜೊತೆ ಬರುವ, ಪಂಚಾಯಿತಿಗಳ ಪಾಲನ್ನು ವಿವರಿಸುವ ಲಿಂಕ್ ಡಾಕ್ಯುಮೆಂಟ್ ತೆರೆದು ನೋಡಿದರೆ ಜಿಲ್ಲಾವಾರು ಸಾಲುಸಾಲಾಗಿ ಕಾಣುವುದು ವೇತನವೇ. ಅದು ಪಂಚಾಯಿತಿಯ ಮೂಲಕ ಹಾದುಹೋಗುವ ಹಣ. ಆ ನೌಕರರ ನೇಮಕ, ವರ್ಗಾವಣೆ ಯಾವುದೂ ಪಂಚಾಯಿತಿಯ ಕೈಯಲ್ಲಿಲ್ಲ. ಗ್ರಾಮ ಪಂಚಾಯಿತಿಗೆ ನೇರವಾಗಿ ಬರುವ ಶಾಸನಬದ್ಧ ಅನುದಾನದ ದೊಡ್ಡ ಭಾಗವೂ ಬೀದಿ ದೀಪ ಮತ್ತು ಪಂಪ್‌ಸೆಟ್‌ಗಳ ವಿದ್ಯುತ್ ಬಿಲ್ಲಿಗೇ ಹೋಗುತ್ತದೆ.

ಕೇಂದ್ರದ 15ನೇ ಆಯೋಗ ಇಲ್ಲೊಂದು ಒಳ್ಳೆಯ ಬಿಗಿ ಹಾಕಿತು: 2024ರ ಮಾರ್ಚ್‌ ಒಳಗೆ ರಾಜ್ಯ ಹಣಕಾಸು ಆಯೋಗ ರಚಿಸಿ, ಶಿಫಾರಸಿನ ಮೇಲೆ ಕ್ರಮ ಕೈಗೊಂಡು, ವಿವರಣೆಯನ್ನು ಸದನದಲ್ಲಿ ಮಂಡಿಸದ ರಾಜ್ಯಕ್ಕೆ ಆನಂತರ ಸ್ಥಳೀಯ ಸಂಸ್ಥೆಗಳ ಅನುದಾನ ಇಲ್ಲ.

ಮನೆ ಕಂದಾಯದಲ್ಲಿ ಗ್ರಂಥಾಲಯ, ಭಿಕ್ಷುಕರ ಕರ ಅಂತ ಯಾಕೆ ಸೇರಿಸುತ್ತಾರೆ?

ಅವು ಬೇರೆ ಬೇರೆ ಕಾಯ್ದೆಗಳಡಿ ಕಂದಾಯದ ಮೇಲೆ ಕೂರುವ ಉಪಕರಗಳು. ಗ್ರಂಥಾಲಯಕ್ಕೆ ಶೇ 6, ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಶೇ 3. ಮನೆ ಕಂದಾಯ 1,000 ರೂಪಾಯಿ ಇದ್ದರೆ 60 ಮತ್ತು 30. ಆರೋಗ್ಯ, ಶಿಕ್ಷಣದ ಉಪಕರಗಳೂ ಇವೆ. ಇವು ಪಂಚಾಯಿತಿಯ ಸ್ವಂತ ಆದಾಯವಲ್ಲ, ಆಯಾ ಉದ್ದೇಶಕ್ಕೇ ಸಂದಾಯವಾಗಬೇಕು. ಹಣದ ಅಡಚಣೆಯಲ್ಲಿರುವ ಪಂಚಾಯಿತಿ ಇದನ್ನು ಸಂಬಳಕ್ಕೆ ತಿರುಗಿಸಿಕೊಳ್ಳುವುದುಂಟು. ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆದು ಒಂದು ದಿನ ಲಕ್ಷಗಟ್ಟಲೆಯ ನೋಟಿಸಾಗಿ ಬರುತ್ತದೆ.

ಜಿಎಸ್‌ಟಿ ಬಂದ ಮೇಲೆ ಸ್ಥಳೀಯ ಸಂಸ್ಥೆಗಳು ಏನು ಕಳೆದುಕೊಂಡವು?

ಜಿಎಸ್‌ಟಿ ತಂದ ಸಂವಿಧಾನದ 101ನೇ ತಿದ್ದುಪಡಿ, ರಾಜ್ಯಗಳು ಹಾಕಬಹುದಾದ ತೆರಿಗೆಗಳಿರುವ ರಾಜ್ಯ ಪಟ್ಟಿಯಿಂದ ಪ್ರವೇಶ ತೆರಿಗೆಯನ್ನೂ ಜಾಹೀರಾತು ತೆರಿಗೆಯನ್ನೂ ತೆಗೆದುಹಾಕಿತು. ಮನರಂಜನಾ ತೆರಿಗೆಯನ್ನು ಮಾತ್ರ ವಿಶೇಷವಾಗಿ ಉಳಿಸಿತು: ಪಂಚಾಯಿತಿ ಅಥವಾ ನಗರಸಭೆ ಹಾಕಿ ವಸೂಲಿ ಮಾಡುವುದಾದರೆ ಹಾಕಬಹುದು. ಊರ ಗಡಿಯಲ್ಲಿ ರೆಸಾರ್ಟು, ವಾಟರ್ ಪಾರ್ಕು ಇರುವ ಪಂಚಾಯಿತಿಗಳು ಈ ಅವಕಾಶವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ಊರೊಳಗೆ ಬರುವ ಸರಕಿನ ಮೇಲೆ ಹಾಕುತ್ತಿದ್ದ ಆಕ್ಟ್ರಾಯ್ ವಿಚಾರದಲ್ಲಿ ಕರ್ನಾಟಕಕ್ಕೆ ಹೊಸ ನಷ್ಟವಿಲ್ಲ, ಇಲ್ಲಿ ಅದು 1979ರಲ್ಲೇ ಹೋಯಿತು. 2017ರ ಜುಲೈ 1ರಂದು ಅದನ್ನು ಕಳೆದುಕೊಂಡದ್ದು ಮುಂಬೈ. ಮಹಾರಾಷ್ಟ್ರ ಕಾನೂನು ಮಾಡಿ ಪಾಲಿಕೆಗೆ ಪರಿಹಾರ ಕೊಡುತ್ತಿದೆ.

ವೃತ್ತಿ ತೆರಿಗೆಯನ್ನೂ ಇಲ್ಲೇ ಹೇಳಬೇಕು. ಕೇರಳ, ತಮಿಳುನಾಡುಗಳಲ್ಲಿ ಅದನ್ನು ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡುತ್ತವೆ. ಕರ್ನಾಟಕದಲ್ಲಿ ಅದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಹೋಗುತ್ತದೆ.

ನಗರಸಭೆಗಳಿಗೂ ಇದೇ ನಿಯಮವೇ?

ಒಂದು ದೊಡ್ಡ ವ್ಯತ್ಯಾಸವಿದೆ. ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಅಧಿಸೂಚಿಸಬೇಕು, ಆಮೇಲೆ ವಸೂಲಿ ರಾಜ್ಯದ ಒಟ್ಟು ಉತ್ಪನ್ನದ ಹಿಂದಿನ ಐದು ವರ್ಷಗಳ ಸರಾಸರಿ ಬೆಳವಣಿಗೆಯಷ್ಟಾದರೂ ಏರಬೇಕು. ವಸೂಲಿ ನಿಂತಲ್ಲೇ ನಿಂತರೆ ಅನುದಾನ ತಪ್ಪುತ್ತದೆ. ಜನಸಂಖ್ಯೆ ಹತ್ತು ಲಕ್ಷ ಮೀರಿದ ನಗರಗಳಿಗೆ ಲೆಕ್ಕ ಮತ್ತೂ ಬೇರೆ, ಅಲ್ಲಿ ಮೂರನೇ ಒಂದು ಭಾಗ ಗಾಳಿಯ ಗುಣಮಟ್ಟ ಸುಧಾರಣೆಗೆ. 2011ರ ಗಣತಿಯಂತೆ ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರುವುದು ಬೆಂಗಳೂರು ಒಂದೇ.

2026ರ ಏಪ್ರಿಲ್ ನಂತರ ಇದೇ ಲೆಕ್ಕ ನಡೆಯುತ್ತದೆಯೇ?

2026-27ರಿಂದ 2030-31ರವರೆಗೆ ಅರವಿಂದ ಪನಗಾರಿಯಾ ಅಧ್ಯಕ್ಷತೆಯ 16ನೇ ಆಯೋಗದ ಅವಧಿ. 60:40ರ ಅಭ್ಯಾಸದಲ್ಲೇ ಹೊಸ ವರ್ಷದ ಕ್ರಿಯಾ ಯೋಜನೆ ಬರೆದುಬಿಡಬೇಡಿ. ಹೊಸ ಮಾರ್ಗಸೂಚಿ ಓದಿ, ಹೊಸ ಹಣಕ್ಕೆ ಹೊಸ ಅನುಪಾತ ಹಾಕಿ. ಹಳೆಯ ಆಯೋಗದ ಹಣ ಖಾತೆಯಲ್ಲಿ ಉಳಿದಿದ್ದರೆ ಅದರ ಲೆಕ್ಕವನ್ನು ಹೊಸದರೊಳಗೆ ಬೆರೆಸದೆ ಪ್ರತ್ಯೇಕ ಇಡಿ.

ನಾನು ಮನೆ ಕಂದಾಯ ಕಟ್ಟದಿದ್ದರೆ ಊರಿಗೆ ಬರುವ ದಿಲ್ಲಿಯ ಹಣ ನಿಲ್ಲುತ್ತದೆಯೇ?

2021-26ರ ಗ್ರಾಮೀಣ ಅನುದಾನಕ್ಕೆ ಅಂಥ ಷರತ್ತು ಇರಲಿಲ್ಲ. ನಿಲ್ಲುವುದು ನೀರುಗಂಟಿಯ ಸಂಬಳ, ಯಾಕೆಂದರೆ ಅದನ್ನು ದಿಲ್ಲಿಯ ಹಣದಿಂದ ಕೊಡುವಂತಿಲ್ಲ.